ಸಕ್ಕರೆಯಿಲ್ಲದ ಹಾಟ್ ಚಾಕೊಲೇಟ್: ಯಾವ ಹಾಲು, ಯಾವ ಪುಡಿ, ಯಾವ ಸಿಹಿ?

ಸಕ್ಕರೆ ಹಾಕದಿದ್ದರೆ ಸಾಕು, ಹಾಟ್ ಚಾಕೊಲೇಟ್ ಪಥ್ಯದವರಿಗೂ ಸೈ ಎನ್ನುವವರು ಹಾಲಿನ ಲೆಕ್ಕವನ್ನು ಮರೆತಿರುತ್ತಾರೆ. ನೂರು ಮಿಲಿ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ, ಇರುತ್ತದೆ. ಹಸುವಿನ ಹಾಲಾದರೂ ಅಷ್ಟೇ, ಮುಂಬೈಯ ತಬೇಲಾಗಳಿಂದ ಬರುವ ಎಮ್ಮೆ ಹಾಲಾದರೂ ಹೆಚ್ಚುಕಡಿಮೆ ಅಷ್ಟೇ. 200 ಮಿಲಿಯ ಒಂದು ಮಗ್ ತುಂಬಿಸಿದರೆ ಎರಡು ಚಮಚ ಸಕ್ಕರೆಯಷ್ಟು ಕಾರ್ಬೋಹೈಡ್ರೇಟ್, ಸಿಹಿಯ ಸುಖವನ್ನೂ ಕೊಡದೆ ಹೊಟ್ಟೆ ಸೇರುತ್ತದೆ. ಹಾಗಾಗಿ ಸಿಹಿಕಾರಕಗಳ ಜಗಳಕ್ಕೆ ಇಳಿಯುವ ಮೊದಲು ನಾನು ಹಾಲನ್ನೇ ಕಟಕಟೆಯಲ್ಲಿ ನಿಲ್ಲಿಸಿದೆ.

ನಮ್ಮ ಮನೆಯಲ್ಲಿ ತೀರ್ಪುಗಾರರು ಇಬ್ಬರು. ಮಾವ ಫೋರ್ಟ್ ಭಾಗದ ಉಡುಪಿ ಹೋಟೆಲೊಂದರಲ್ಲಿ ವರ್ಷಾನುಗಟ್ಟಲೆ ಕಾಫಿ ಮಾಡಿದವರು, ಈಗ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು. ಮಗಳು ಕಾಲೇಜಿನಿಂದ ಕೀಟೋ ಎಂಬ, ಕಾರ್ಬೋಹೈಡ್ರೇಟನ್ನು ಬಹುತೇಕ ಬಿಡುವ ವ್ರತ ಹಿಡಿದುಕೊಂಡು ಬಂದವಳು. ಮುಂಬೈಯ ಚಳಿಗಾಲ ಹೇಳಿಕೊಳ್ಳುವಂಥದ್ದಲ್ಲ. ಇಲ್ಲಿ ಹಾಟ್ ಚಾಕೊಲೇಟ್ ಕುಡಿಯಬೇಕೆನ್ನಿಸುವುದು ಜುಲೈ ಮಳೆಯಲ್ಲಿ, ಲೋಕಲ್ ರೈಲು ತಡವಾಗಿ ಎಲ್ಲರೂ ತೊಯ್ದು ಮನೆ ಸೇರುವ ಸಂಜೆಗಳಲ್ಲಿ.

ಮೊದಲು ಹೊರಬಿದ್ದದ್ದು ಓಟ್ಸ್ ಹಾಲು. ಬಾಯಿಗೆ ಅದು ಚೆನ್ನಾಗಿಯೇ ಇದೆ, ದಪ್ಪವೂ ಬರುತ್ತದೆ. ಆದರೆ ತಯಾರಿಕೆಯಲ್ಲಿ ಕಿಣ್ವ ಸೇರಿಸಿ ಓಟ್ಸ್‌ನ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆದಿರುತ್ತಾರೆ. 'ಸಕ್ಕರೆ ಸೇರಿಸಿಲ್ಲ' ಎಂದು ಬರೆದ ಪೊಟ್ಟಣದಲ್ಲೂ ಹಸುವಿನ ಹಾಲಿನಷ್ಟೋ ಅದಕ್ಕಿಂತ ಹೆಚ್ಚೋ ಕಾರ್ಬೋಹೈಡ್ರೇಟ್ ಇರಬಹುದು. ಲ್ಯಾಕ್ಟೋಸ್ ಮುಕ್ತ ಹಾಲಿನದೂ ಇದೇ ಕಥೆ: ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಸೀಳಿರುತ್ತಾರೆಯೇ ಹೊರತು ಹೊರಗೆ ತೆಗೆದಿರುವುದಿಲ್ಲ. ಹೊಟ್ಟೆ ಉಬ್ಬರದವರಿಗೆ ಅದು ಅನುಕೂಲ, ನಮ್ಮ ಲೆಕ್ಕಕ್ಕೆ ಏನೂ ಲಾಭವಿಲ್ಲ. ಸೋಯಾ ಹಾಲಿನ ಅಂಕಿ ಅಂಶ ಚೆನ್ನಾಗಿದೆ, ವಾಸನೆ ಚೆನ್ನಾಗಿಲ್ಲ. ಮಾವ ಮೂಗಿನ ಹತ್ತಿರಕ್ಕೆ ತಂದು ಹಾಗೆಯೇ ಕೆಳಗಿಟ್ಟರು.

ಬಾದಾಮಿ ಹಾಲಿನ ಮೇಲೆ ಮಗಳಿಗೆ ಬಹಳ ಭರವಸೆಯಿತ್ತು. ಸಿಹಿ ಹಾಕದ ಪೊಟ್ಟಣದ ಹಾಲಾದರೆ ಒಂದು ಮಗ್‌ಗೆ ಒಂದೆರಡು ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ. ಆದರೆ ಅದರಲ್ಲಿ ಬಾದಾಮಿಗಿಂತ ನೀರೇ ಜಾಸ್ತಿ, ಕುಡಿದರೆ ಚಾಕೊಲೇಟ್ ತೊಳೆದ ನೀರು ಕುಡಿದಂತಾಗುತ್ತದೆ. ಕ್ರಾಫರ್ಡ್ ಮಾರುಕಟ್ಟೆಯಿಂದ ತಂದ ಬಾದಾಮಿಯನ್ನು ರಾತ್ರಿ ನೆನೆಸಿ, ಸಿಪ್ಪೆ ಸುಲಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ನಿಜವಾದ ರುಚಿ ಬರುತ್ತದೆ. ಕುದಿಸಿದರೆ ಮಾತ್ರ ತರಿತರಿಯಾಗುತ್ತದೆ. ಮೇಲಾಗಿ ಮಳೆಯಲ್ಲಿ ನೆನೆದು ಬಂದವರಿಗೆ ಹಿಂದಿನ ರಾತ್ರಿಯೇ ಬಾದಾಮಿ ನೆನೆಸಿಡಬೇಕಿತ್ತು ಎಂದರೆ ಯಾರು ಒಪ್ಪುತ್ತಾರೆ?

ಕೊನೆಗೆ ಉಳಿದದ್ದು ಎರಡು: ತೆಂಗಿನಕಾಯಿ ಹಾಲು ಮತ್ತು ಕೆನೆ ಬೆರೆಸಿದ ನೀರು. ಮಾಟುಂಗದಲ್ಲಿ ಒಳ್ಳೆಯ ಕಾಯಿ ಸಿಗುತ್ತದೆ. ತುರಿದು, ಬಿಸಿ ನೀರು ಹಾಕಿ ರುಬ್ಬಿ, ಹಿಂಡಿ ತೆಗೆದ ಮೊದಲ ಹಾಲಿಗೆ ಅಷ್ಟೇ ನೀರು ಸೇರಿಸಿದರೆ ನಯವಾದ, ತುಂಬಿದ ಪೇಯ ಸಿದ್ಧ. ಒಂದು ಕುದಿ ಬಂತೋ, ಒಡೆದು ಎಣ್ಣೆ ಮೇಲೆ ತೇಲುತ್ತದೆ, ಉರಿ ಸಣ್ಣದಿರಬೇಕು. ಮಗಳಿಗೆ ಇದೇ ಇಷ್ಟ. ಮಾವ ಮಾತ್ರ, "ಇದಕ್ಕೊಂದಿಷ್ಟು ಏಲಕ್ಕಿ ಹಾಕು, ಪಾಯಸವೆಂದೇ ಬಡಿಸಬಹುದು" ಎಂದರು. ಅವರ ಮಾತಿನಲ್ಲಿ ಹುರುಳಿದೆ. ತೆಂಗಿನ ಪರಿಮಳ ಹಿಂದೆ ನಿಲ್ಲುವುದಿಲ್ಲ, ಚಾಕೊಲೇಟ್‌ನ ಹೆಗಲ ಮೇಲೆ ಕೈ ಹಾಕಿಕೊಂಡೇ ಬರುತ್ತದೆ.

ಕೆನೆಯ ದಾರಿ ನೇರವಾದದ್ದು. ಕೊಬ್ಬು ಹೆಚ್ಚಿದಷ್ಟೂ ಲ್ಯಾಕ್ಟೋಸ್ ಕಡಿಮೆ. ಶೇಕಡಾ 25ರಷ್ಟು ಕೊಬ್ಬಿರುವ ಪೊಟ್ಟಣದ ಕ್ರೀಮ್ 40 ಮಿಲಿ, ಹಾಲು 50 ಮಿಲಿ, ಉಳಿದದ್ದು ನೀರು. ಹಾಲು ಕ್ರೀಮ್ ಎರಡೂ ಸೇರಿ ಕಾರ್ಬೋಹೈಡ್ರೇಟ್ 4 ಗ್ರಾಂ ಆಸುಪಾಸು, ಬಾಯಿಗೆ ಅಪ್ಪಟ ಹಾಲಿನದೇ ಅನುಭವ. ಫ್ರಿಜ್ಜಿನಲ್ಲಿ ತುಪ್ಪಕ್ಕೆಂದು ಕೂಡಿಟ್ಟ ಕೆನೆಯನ್ನೂ ಬಳಸಿ ನೋಡಿದೆ. ಮಿಕ್ಸಿಯಲ್ಲಿ ತಿರುಗಿಸದಿದ್ದರೆ ಅದು ಚೂರುಚೂರಾಗಿ ತೇಲುತ್ತದೆ, ಹಳೆಯದಾದರೆ ಹುಳಿ ವಾಸನೆ ಬೇರೆ. ನನ್ನ ತೀರ್ಪು ಪೊಟ್ಟಣದ ಕ್ರೀಮಿನ ಕಡೆಗೆ. ಕೊಲೆಸ್ಟ್ರಾಲ್ ಇರುವವರು ಈ ಎರಡೂ ದಾರಿಗಳ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಲಿ. ತೆಂಗಿನ ಹಾಲಿನಲ್ಲೂ ಕೆನೆಯಲ್ಲೂ ಇರುವುದು ಬಹುಪಾಲು ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬೇ.

ಪುಡಿಯ ವಿಷಯಕ್ಕೆ ಬರೋಣ. 'ಡ್ರಿಂಕಿಂಗ್ ಚಾಕೊಲೇಟ್' ಎಂದು ಮಾರುವ ಡಬ್ಬಿಗಳ ಹಿಂಬದಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ, ಹೆಚ್ಚಿನವುಗಳಲ್ಲಿ ಸಕ್ಕರೆಯೇ ಮೊದಲ ಹೆಸರು. ನಮಗೆ ಬೇಕಾದದ್ದು ಬರೀ ಕೊಕ್ಕೊ ಪುಡಿ. ನನ್ನ ತವರು ಪುತ್ತೂರಿನ ಕಡೆ. ಅಡಿಕೆ ತೋಟದ ನಡುವೆ ಬೆಳೆಯುವ ಕೊಕ್ಕೊ ಹಣ್ಣಿನ ಬಿಳಿ ತಿರುಳನ್ನು ಚೀಪಿ, ಬೀಜ ಕಚ್ಚಿದರೆ ಬಾಯೆಲ್ಲ ಕಹಿ ಒಗರು. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಅಲ್ಲೇ ಇರುವುದರಿಂದ ಊರಿಗೆ ಹೋದಾಗಲೆಲ್ಲ ಪುಡಿ ಕಟ್ಟಿಕೊಂಡು ಬರುವುದು ರೂಢಿ. ಎರಡು ಚಮಚ ಪುಡಿಯಲ್ಲಿ ನಾರು ಕಳೆದು ಉಳಿಯುವ ಕಾರ್ಬೋಹೈಡ್ರೇಟ್ ಸುಮಾರು ಒಂದು ಗ್ರಾಂ.

ಅದರಲ್ಲೂ ಎರಡು ಬಗೆ. ಸಹಜ ಪುಡಿ ತಿಳಿಗಂದು, ಸ್ವಲ್ಪ ಹುಳಿ. ಕ್ಷಾರದಿಂದ ಸಂಸ್ಕರಿಸಿದ 'ಡಚ್' ಪುಡಿ ಕಡುಗಂದು, ರುಚಿ ಮೆತ್ತಗೆ. ಪೊಟ್ಟಣದಲ್ಲಿ ಐಎನ್‌ಎಸ್ 501ರಂಥ (ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಕೊಟ್ಟ ಸಂಖ್ಯೆ) ಆಮ್ಲ ನಿಯಂತ್ರಕದ ಹೆಸರಿದ್ದರೆ ಅದು ಈ ಜಾತಿ. ಸಕ್ಕರೆ ಧಾರಾಳವಾಗಿದ್ದಾಗ ಸಹಜ ಪುಡಿಯ ಹುಳಿ ಮರೆಯಾಗುತ್ತದೆ. ಸಕ್ಕರೆ ತೆಗೆದ ಕೂಡಲೇ ಅದು ನಾಲಿಗೆಯ ಅಂಚಿಗೆ ಚುರುಕ್ಕೆನ್ನುತ್ತದೆ. ಸಂಸ್ಕರಣೆಯಲ್ಲಿ, ಆರೋಗ್ಯಕ್ಕೆ ಒಳ್ಳೆಯದೆನ್ನುವ ಕೊಕ್ಕೊದ ಫ್ಲಾವನಾಲ್‌ಗಳು ಕಡಿಮೆಯಾಗುತ್ತವೆ ನಿಜ, ಆದರೂ ಈ ಮಗ್‌ಗೆ ಡಚ್ ಪುಡಿಯೇ ಸರಿ. ತೆಂಗಿನ ಹಾಲಿಗಾದರೆ ಸಹಜ ಪುಡಿ ಒಪ್ಪುತ್ತದೆ, ಅದರ ಹುಳಿ ತೆಂಗಿನ ಮಂಕನ್ನು ಎಬ್ಬಿಸುತ್ತದೆ.

ಪುಡಿಯ ಬದಲು ಚಾಕೊಲೇಟನ್ನೇ ಕರಗಿಸಿದರೆ? ಶೇಕಡಾ 85ರ ಕಪ್ಪು ಚಾಕೊಲೇಟ್ 20 ಗ್ರಾಂ ಹಾಕಿದರೆ ಸುಮಾರು 3 ಗ್ರಾಂ ಸಕ್ಕರೆ ಸೇರುತ್ತದೆ, ಪ್ರತಿಯಾಗಿ ಕೊಕ್ಕೊ ಬೆಣ್ಣೆಯಿಂದ ಬರುವ ನಯಕ್ಕೆ ಸಾಟಿಯಿಲ್ಲ. ನೆಂಟರು ಬಂದ ದಿನ ಇದನ್ನೇ ಮಾಡುತ್ತೇನೆ. 'ಶುಗರ್ ಫ್ರೀ' ಚಾಕೊಲೇಟ್‌ಗಳ ಬಗ್ಗೆ ಮಾತ್ರ ಎಚ್ಚರ. ಹಲವದರಲ್ಲಿ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಅದು ರಕ್ತದ ಸಕ್ಕರೆಯನ್ನು ಸಕ್ಕರೆಗಿಂತ ಕಡಿಮೆ ಏರಿಸುತ್ತದೆ, ಏರಿಸುವುದಂತೂ ಹೌದು. ಜಾಸ್ತಿ ತಿಂದರೆ ಹೊಟ್ಟೆ ಗುಡುಗುತ್ತದೆ. ಹೊರಗೆ ಥಳಕು, ಒಳಗೆ ಹುಳುಕು.

ಸಿಹಿಕಾರಕಗಳಲ್ಲಿ ಬೆಲ್ಲ, ಖರ್ಜೂರ ಎನ್ನುವವರಿಗೆ ಕೈ ಮುಗಿದು ಮುಂದೆ ಹೋಗುತ್ತೇನೆ, ಅವುಗಳ ಸಿಹಿಯೂ ಸಕ್ಕರೆಯದೇ. ಆಸ್ಪರ್ಟೇಮ್ ಕುದಿಯುವ ಪಾತ್ರೆಯಲ್ಲಿ ಸಿಹಿ ಕಳೆದುಕೊಳ್ಳುತ್ತದೆ, ಇಳಿಸಿದ ಮೇಲೆ ಹಾಕಬೇಕು. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಬಿಸಿ ಹಾಲಿಗೆ ಹೆದರುವುದಿಲ್ಲ, ಮಾತ್ರೆ ಅಗ್ಗ. ಆದರೆ ಅದರ ಪುಡಿ ಪೊಟ್ಟಣಗಳಲ್ಲಿ ಗಾತ್ರಕ್ಕೆಂದು ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರಬಹುದು, ಅದು ಕಾರ್ಬೋಹೈಡ್ರೇಟೇ. ಗಿಡವೊಂದರ ಎಲೆಯಿಂದ ತೆಗೆಯುವ ಸ್ಟೀವಿಯಾ ಒಂದನ್ನೇ ಹಾಕಿದರೆ ಅದರ ಜೇಷ್ಠಮಧುವಿನಂಥ ಕಹಿ ಕೊಕ್ಕೊದ ಕಹಿಯೊಂದಿಗೆ ಕೈ ಜೋಡಿಸಿ ಕಷಾಯವೇ ಆಗುತ್ತದೆ. ಸಕ್ಕರೆಯಂತೆಯೇ ಹರಳಾದ, ಆದರೆ ಕ್ಯಾಲೊರಿ ಬಹುತೇಕ ಇಲ್ಲದ ಎರಿಥ್ರಿಟಾಲ್‌ಗೆ ಸಕ್ಕರೆಯ ಶೇಕಡಾ 60-70ರಷ್ಟು ಸಿಹಿ. ಹರಳನ್ನು ನಾಲಿಗೆಯ ಮೇಲಿಟ್ಟರೆ ತಣ್ಣಗಾಗುತ್ತದೆ, ಬಿಸಿಯಲ್ಲಿ ಕರಗಿದ ಮೇಲೆ ಆ ತಂಪು ಇರುವುದಿಲ್ಲ. ಎರಡು ಚಮಚ ಎರಿಥ್ರಿಟಾಲ್, ಒಂದೇ ಒಂದು ಚಿಟಿಕೆ ಸ್ಟೀವಿಯಾ ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಬೆಲೆ ಮಾತ್ರ ಸಕ್ಕರೆಯ ಹಲವು ಪಟ್ಟು. ಎರಿಥ್ರಿಟಾಲ್ ಮತ್ತು ಹೃದಯದ ತೊಂದರೆಗೆ ನಂಟಿರಬಹುದೆಂದು 2023ರಲ್ಲಿ ಬಂದ ಸಂಶೋಧನೆ ಕಾರಣ ಇದೇ ಎಂದು ಸಾಬೀತು ಮಾಡಿಲ್ಲ. ಆದರೂ ದಿನವೂ ಕುಡಿಯುವ ಪೇಯವಾಗಿ ಇದನ್ನು ಮಾವನಿಗೆ ಕೊಡುವುದಿಲ್ಲ.

ದಪ್ಪ ಬರಿಸಲು ಕಾರ್ನ್‌ಫ್ಲೋರ್ ಹಾಕುವುದೆಂದರೆ ಉಳಿಸಿದ್ದನ್ನೆಲ್ಲ ಮತ್ತೆ ಸುರಿದಂತೆ. ದಪ್ಪ ಬರಿಸುವ ಅಂಟುಪುಡಿಯಾದ ಕ್ಸಾಂಥನ್ ಗಮ್ ಚಿಟಿಕೆಗಿಂತ ಕಡಿಮೆ ಸಾಕು, ಅದನ್ನು ಒಣ ಪುಡಿಯ ಜೊತೆಗೇ ಬೆರೆಸಬೇಕು, ಹೆಚ್ಚಾದರೆ ಲೋಳೆ. ಕ್ರೀಮ್ ಇದ್ದರೆ ಅದೂ ಬೇಡ.

ಮಾಡುವಾಗ ಕೈ ನಿಧಾನವಿರಲಿ. ಕೊಕ್ಕೊ ನೀರಿನಲ್ಲಿ ಕರಗುವ ವಸ್ತುವಲ್ಲ. ಎರಡು ಚಮಚ ಪುಡಿ, ಸಿಹಿ, ಎರಡು ಹರಳು ಉಪ್ಪು ಪಾತ್ರೆಗೆ ಹಾಕಿ, ಸ್ವಲ್ಪವೇ ಬಿಸಿ ನೀರು ಬಿಟ್ಟು ಚಮಚದ ಬೆನ್ನಿನಿಂದ ಉಜ್ಜಬೇಕು. ಮೊದಲು ಗಂಟುಗಂಟಾಗಿ ಮೊಂಡು ಹಿಡಿಯುತ್ತದೆ, ಆಮೇಲೆ ಒಮ್ಮೆಲೇ ಸಡಿಲವಾಗಿ ಹೊಳೆಯುತ್ತದೆ. ಆ ಹೊಳಪು ಬಂದ ಮೇಲೆಯೇ ಉಳಿದ ನೀರು ಹಾಕಿ ಒಂದು ನಿಮಿಷ ಕುದಿಸಿ, ಉರಿ ತಗ್ಗಿಸಿ ಹಾಲು, ಕ್ರೀಮ್ ಸೇರಿಸುವುದು. ಉಪ್ಪು ಕಹಿಯನ್ನು ತಗ್ಗಿಸುವುದರಿಂದ ಸಿಹಿಕಾರಕವೂ ಕಡಿಮೆ ಸಾಕಾಗುತ್ತದೆ. ಒಂದು ಚಮಚ ಕಾಫಿ ಡಿಕಾಕ್ಷನ್ ಮಾವನ ಸೇರ್ಪಡೆ, ಚಾಕೊಲೇಟ್ ರುಚಿ ಗಾಢವಾಗುತ್ತದೆ. ನೊರೆಗೆ ಬ್ಯಾಟರಿ ಯಂತ್ರ, ಕಡೆಗೋಲು ಎರಡನ್ನೂ ಬಳಸಿದೆ. ಮಾವ ಲೋಟ ಬಟ್ಟಲು ಕಿತ್ತುಕೊಂಡು ಮೊಳದೆತ್ತರದಿಂದ ನಾಲ್ಕು ಸಲ ಎತ್ತಿ ಹೊಯ್ದರು. ಯಂತ್ರ ಈಗ ಡ್ರಾಯರ್‌ನಲ್ಲಿದೆ.

ಕಚೇರಿಗೆ ಒಯ್ಯುವವರಿಗೆ ತೆಂಗಿನ ಹಾಲು ಆಗಿಬರುವುದಿಲ್ಲ, ಮುಂಬೈಯ ಸೆಕೆಗೆ ಬೇಗ ಹಳಸುತ್ತದೆ. ಡಚ್ ಪುಡಿ, ಎರಿಥ್ರಿಟಾಲ್, ಸ್ಟೀವಿಯಾ, ಉಪ್ಪು ಬೆರೆಸಿದ ಒಣ ಮಿಶ್ರಣವನ್ನು ಸಣ್ಣ ಬಾಟಲಿಯಲ್ಲಿ ಚೀಲಕ್ಕೆ ಹಾಕಿಕೊಂಡರೆ ಸಾಕು. ಅಲ್ಲಿನ ಯಂತ್ರದ ಹಾಲಿನ ಗುಂಡಿ ಒತ್ತಬೇಡಿ, ಆ ಹಾಲಿಗೆ ಸಕ್ಕರೆ ಬೆರೆಸಿರುವುದು ಸಾಮಾನ್ಯ. ಬಿಸಿ ನೀರಿನ ಗುಂಡಿಯೇ ನಿಮ್ಮದು, ಕ್ರೀಮ್ ಪೊಟ್ಟಣವನ್ನು ಕಚೇರಿಯ ಫ್ರಿಜ್ಜಿನಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ.