‘ಯೂ ಟರ್ನ್’: ದೆವ್ವ ಬೇಕಿತ್ತಾ ಅಂತ ಕೇಳುವವರಿಗೆ

ಪವನ್ ಕುಮಾರ್ ಅವರ ‘ಯೂ ಟರ್ನ್’ 2016ರ ಮೇ ತಿಂಗಳಲ್ಲಿ ಬಂದ ಸಿನಿಮಾ. ಇಷ್ಟು ವರ್ಷ ಆದರೂ ಅದರ ಮಾತು ಬಂದರೆ ಜನ ಎರಡು ಪಾಲಾಗುತ್ತಾರೆ. ಮುಕ್ಕಾಲು ಸಿನಿಮಾ ಸೂಪರ್, ಆಮೇಲೆ ದೆವ್ವ ತಂದು ಕೆಡಿಸಿಬಿಟ್ಟರು ಅನ್ನೋದು ಒಂದು ಪಾಲು. ಆ ಕೊನೆಯೇ ಸಿನಿಮಾದ ಜೀವ ಅನ್ನೋದು ಇನ್ನೊಂದು. ನಾನು ಎರಡನೆಯವರ ಕಡೆ. ಯಾಕೆ ಅಂತ ಹೇಳಬೇಕಾದರೆ ಗುಟ್ಟು ಬಿಟ್ಟುಕೊಡಲೇಬೇಕು, ಹಾಗಾಗಿ ಇನ್ನೂ ನೋಡದವರು ಮೊದಲು ಸಿನಿಮಾ ನೋಡಿ, ಆಮೇಲೆ ಇದನ್ನು ಓದಿ.

ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್. ನಡುವೆ ಡಿವೈಡರ್ ಅಂತ ಸಾಲಾಗಿ ಕಾಂಕ್ರೀಟ್ ಕಲ್ಲುಗಳು. ಮುಂದೆ ಹೋಗಿ ತಿರುಗಿಕೊಂಡು ಬರೋಕೆ ಬೇಜಾರಾದ ಬೈಕಿನವರು ಕಲ್ಲು ಸರಿಸಿ, ಆ ಸಂದಿಯಲ್ಲಿ ಗಾಡಿ ತೂರಿಸಿಕೊಂಡು ಹೋಗಿಬಿಡುತ್ತಾರೆ. ಸರಿಸಿದ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಪತ್ರಿಕೆಯಲ್ಲಿ ಇಂಟರ್ನ್ ಆಗಿರುವ ರಚನಾ ಇದರ ಮೇಲೆ ಒಂದು ಲೇಖನ ಬರೆಯಲು ಹೊರಡುತ್ತಾಳೆ. ಫ್ಲೈಓವರ್ ಮೇಲೇ ಬದುಕುವ ಒಬ್ಬ ಮನುಷ್ಯ ಹಾಗೆ ತಿರುಗಿದ ಗಾಡಿಗಳ ನಂಬರ್ ಬರೆದು ಅವಳಿಗೆ ಕೊಡುತ್ತಾನೆ, ಅವಳು ಅವನಿಗೆ ದುಡ್ಡು ಕೊಡುತ್ತಾಳೆ. ಆ ಪಟ್ಟಿಯಲ್ಲಿದ್ದ ಒಬ್ಬನನ್ನು ಮಾತಾಡಿಸಲು ಅವನ ಮನೆಗೆ ಹೋಗುತ್ತಾಳೆ. ಅದೇ ದಿನ ಅವನು ಸತ್ತಿರುತ್ತಾನೆ, ಪೊಲೀಸರು ಇವಳನ್ನೇ ಎಳೆದುಕೊಂಡು ಹೋಗುತ್ತಾರೆ. ಹುಡುಕುತ್ತಾ ಹೋದರೆ ಪಟ್ಟಿಯಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಲ್ಲು ಸರಿಸಿದ ದಿನವೇ ಆತ್ಮಹತ್ಯೆ ಮಾಡಿಕೊಂಡಿದ್ದಾರೆ.

ಎಷ್ಟು ಸಣ್ಣ ತಪ್ಪು ನೋಡಿ. ನಮ್ಮ ಊರಲ್ಲಿ ಇದನ್ನು ತಪ್ಪು ಅಂತಾನೇ ಯಾರೂ ಎಣಿಸಲ್ಲ. ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತಿಸ್ತೀವಿ, ಒನ್‌ವೇಯಲ್ಲಿ ಎದುರಾಗಿ ಬರ್ತೀವಿ, ಎರಡು ನಿಮಿಷ ಉಳೀತು ಅಂತ ಖುಷಿ ಪಡ್ತೀವಿ. ಕೊಲೆ ಇಲ್ಲ, ದರೋಡೆ ಇಲ್ಲ, ಬರೀ ಒಂದು ಕಲ್ಲು ಸರಿಸಿದ್ದನ್ನು ಇಟ್ಟುಕೊಂಡು ಇಡೀ ನಿಗೂಢ ಕಥೆ ಕಟ್ಟಿದ್ದಾರೆ, ಅದೇ ನನಗೆ ಇವತ್ತಿಗೂ ಆಶ್ಚರ್ಯ.

ಸಬ್ ಇನ್‌ಸ್ಪೆಕ್ಟರ್ ನಾಯಕ್ ಪಾತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಮೇಲಿನವರಿಗೆ ಕೇಸ್ ಮುಚ್ಚಿದರೆ ಸಾಕಾಗಿದೆ. ಇವನು ಮಾತ್ರ ರಚನಾ ಹೇಳಿದ್ದನ್ನು ಕೂತು ಕೇಳುತ್ತಾನೆ. ರೋಜರ್ ನಾರಾಯಣ್ ಎಲ್ಲೂ ಧ್ವನಿ ಏರಿಸದೆ ಮಾಡಿದ್ದಾರೆ. ಮೀಸೆ ತಿರುವುವ ಪೊಲೀಸರನ್ನೇ ನೋಡಿ ನೋಡಿ ಸಾಕಾಗಿದ್ದವರಿಗೆ ಈ ನಾಯಕ್ ಹತ್ತಿರದವನು ಅನ್ನಿಸುತ್ತಾನೆ.

ಪಟ್ಟಿಯಲ್ಲಿ ಇನ್ನೂ ಬದುಕಿರುವವರನ್ನು ಉಳಿಸಿಕೊಳ್ಳಬೇಕು ಅಂತ ಇವರಿಬ್ಬರೂ ಓಡಾಡುವ ಭಾಗ ನನಗೆ ತುಂಬಾ ಇಷ್ಟ. ಇಬ್ಬರು ಯುವಕರನ್ನು ಕಾಪಾಡುವುದಕ್ಕೇ ಅಂತ ಸ್ಟೇಷನ್ ಲಾಕಪ್ಪಿನಲ್ಲಿ ಕೂರಿಸುತ್ತಾರೆ. ಬೀಗ ಹಾಕಿದೆ, ಹೊರಗೆ ಪೊಲೀಸರಿದ್ದಾರೆ, ಇನ್ನೇನು ಭಯ ಅಂದುಕೊಳ್ಳುತ್ತೇವೆ. ಅಲ್ಲೂ ಉಳಿಯುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ನಮ್ಮ ಮನಸ್ಸನ್ನು. ಸಿನಿಮಾ ಶುರುವಾದಾಗ ಕಲ್ಲು ಸರಿಸುವವರನ್ನು ಕಂಡು ನಾವೇ ಬೈದುಕೊಂಡಿರುತ್ತೇವೆ, ಇಂಥವರಿಗೆ ಬುದ್ಧಿ ಕಲಿಸಬೇಕು ಅಂತ. ಈ ಹೊತ್ತಿಗೆ ಅದೇ ಜನ ಬದುಕಿದರೆ ಸಾಕಪ್ಪಾ ಅಂತ ಕುರ್ಚಿಯ ಅಂಚಿಗೆ ಬಂದು ಕೂತಿರುತ್ತೇವೆ. ಟ್ರಾಫಿಕ್ ತಪ್ಪಿಗೆ ಮರಣದಂಡನೆಯೇ, ಇದೆಂಥಾ ನ್ಯಾಯ ಅಂತ ಕೇಳುವವರಿದ್ದಾರಲ್ಲ, ಅವರ ಪ್ರಶ್ನೆ ಸರಿಯಾಗಿದೆ. ಆದರೆ ಆ ಪ್ರಶ್ನೆ ಅವರಲ್ಲಿ ಹುಟ್ಟಿದ್ದೇ ಸಿನಿಮಾದಿಂದ. ಸಿಟ್ಟಿನಿಂದ ಕನಿಕರಕ್ಕೆ ನಮ್ಮನ್ನು ಅಷ್ಟು ದೂರ ಕರೆದುಕೊಂಡು ಹೋಗಿದೆ, ಯಾರಿಂದಲೂ ಒಂದು ಭಾಷಣ ಮಾಡಿಸದೆ.

ಈಗ ದೆವ್ವದ ವಿಷಯ. ಏನು ನಡೀತಿದೆ ಅಂತ ತಿಳಿಯಲೇಬೇಕು ಅಂತ ರಚನಾ ತಾನೇ ಹೋಗಿ ಕಲ್ಲು ಸರಿಸಿ ತಿರುಗುತ್ತಾಳೆ. ಆಗ ಎದುರಾಗುವವಳು ಮಾಯಾ. ಯಾರೋ ಸರಿಸಿಟ್ಟ ಕಲ್ಲಿನಿಂದ ಅಪಘಾತವಾಗಿ ಮಗಳ ಜೊತೆ ಸತ್ತವಳು. ಆವತ್ತು ಕಲ್ಲು ಸರಿಸಿದ್ದು ಯಾರು ಅಂತ ಅವಳಿಗೂ ಗೊತ್ತಿಲ್ಲ, ಅದಕ್ಕೇ ಸರಿಸಿದವರನ್ನೆಲ್ಲಾ ಹಿಡಿಯುತ್ತಿದ್ದಾಳೆ. ಹುಡುಕಿಕೊಡ್ತೀನಿ ಅಂತ ಮಾತು ಕೊಟ್ಟು ರಚನಾ ಪಾರಾಗುತ್ತಾಳೆ. ಹುಡುಕಿದರೆ ಕೊನೆಗೆ ಸಿಗುವ ಹೆಸರು ಮಾಯಾಳ ಗಂಡ ರಿತೇಶನದ್ದು. ಆತುರದಲ್ಲಿ ತಾನು ಸರಿಸಿದ ಕಲ್ಲಿಗೇ ತನ್ನ ಹೆಂಡತಿ ಮಗಳು ಹೋಗಿದ್ದಾರೆ, ಅದು ಅವನಿಗೇ ಗೊತ್ತಿಲ್ಲ. ಗೊತ್ತಾದ ಮೇಲೆ ಅವನು ಸಾವನ್ನೇ ಬಯಸುತ್ತಾನೆ. ಅದೂ ಅವನಿಗೆ ಸಿಗುವುದಿಲ್ಲ. ಬದುಕಿರಬೇಕು, ಅಷ್ಟೇ.

ದೆವ್ವ ತೆಗೆದುಬಿಟ್ಟು ನೋಡಿ. ಒಬ್ಬ ಸೀರಿಯಲ್ ಕೊಲೆಗಾರ ಸಿಗುತ್ತಾನೆ, ಪೊಲೀಸರು ಹಿಡಿಯುತ್ತಾರೆ, ಕಥೆ ಮುಗಿಯುತ್ತದೆ. ಅಂಥವು ನೂರಿವೆ. ಆಗ ಮಾಯಾ ಫೈಲಿನಲ್ಲಿರುವ ಒಂದು ಫೋಟೋ ಅಷ್ಟೇ ಆಗಿರುತ್ತಿದ್ದಳು. ಇಲ್ಲಿ ಸತ್ತವಳೇ ಬಂದು ನನಗೆ ಉತ್ತರ ಬೇಕು ಅನ್ನುತ್ತಾಳೆ. ಮನೆಯವರನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡವರ ಹತ್ತಿರ ಕೂತು ಮಾತಾಡಿದ್ದರೆ ನಿಮಗೂ ಗೊತ್ತಿರುತ್ತದೆ, ಪರಿಹಾರದ ದುಡ್ಡಿಗಿಂತ ಜಾಸ್ತಿ ಅವರನ್ನು ಕೊರೆಯುವುದು ಯಾರು, ಯಾಕೆ ಹೀಗಾಯ್ತು ಅನ್ನುವ ಪ್ರಶ್ನೆ. ಮಾಯಾಳ ಸಿಟ್ಟು ಇಳಿಯುವುದೂ ಅದು ತಿಳಿದ ಮೇಲೆಯೇ, ಅಲ್ವಾ? ಪ್ರಾಣ ತೆಗೆದಷ್ಟೂ ಗಾಯ ಮಾಯಲಿಲ್ಲ. ಇನ್ನು ರಿತೇಶನಿಗೆ ಪ್ರಾಯಶ್ಚಿತ್ತ ಅಂತ ಒಂದಿದ್ದರೆ ಅದು ಪ್ರತಿ ದಿನ ಬೆಳಗ್ಗೆ ಎದ್ದು ಮಾಡುವಂಥದ್ದು. ಕೊನೆಯಲ್ಲಿ ಅಳಿಸಿ, ಕ್ಷಮಿಸಿ, ತಬ್ಬಿಸಿ ಮುಗಿಸಿಬಿಡಬಹುದಿತ್ತು. ಹಾಗೆ ಮಾಡಿಲ್ಲ, ಅದಕ್ಕೇ ನನಗೆ ಈ ಕೊನೆ ನಿಜ ಅನ್ನಿಸುವುದು. ರಿತೇಶ ಇಲ್ಲಿ ಕುಸಿದು ಹೋಗುವುದನ್ನು ನೋಡಿದರೆ ಕರುಳು ಹಿಂಡಿದ ಹಾಗಾಗುತ್ತದೆ. ಮಾಯಾ ಆಗಿ ರಾಧಿಕಾ ಚೇತನ್ ಇರುವುದು ಸ್ವಲ್ಪ ಹೊತ್ತೇ ಆದರೂ ಅವರನ್ನು ಕಂಡರೆ ಹೆದರಿಕೆಯ ಜೊತೆಗೆ ಪಾಪ ಅನ್ನಿಸುತ್ತದೆ.

ಕೊರತೆಗಳಿವೆ. ಗಾಡಿ ನಂಬರ್ ಕೊಟ್ಟ ಕೂಡಲೇ ವಿಳಾಸ ಸಿಕ್ಕಿಬಿಡುವುದು ತೀರಾ ಸಲೀಸು. ರಚನಾಳ ಪ್ರೀತಿಯ ಎಳೆ ಬೆಳೆಯುವುದೇ ಇಲ್ಲ. ಕೊನೆಯಲ್ಲಿ ನಮಗೆ ಅರ್ಥವಾದದ್ದನ್ನೇ ಮತ್ತೆ ಬಿಡಿಸಿ ಹೇಳುತ್ತಾರೆ, ಅಷ್ಟು ಬೇಕಿರಲಿಲ್ಲ. ದೆವ್ವ ಬೇಡ ಅನ್ನುವವರಿಗೆ ಸಿಟ್ಟು ಬರುವುದೂ ಬಹುಶಃ ಈ ವಿವರಣೆಯ ಜಾಗದಲ್ಲೇ ಇರಬೇಕು, ಅದುವರೆಗೂ ಪತ್ತೇದಾರಿಕೆ ಅಷ್ಟು ಬಿಗಿಯಾಗಿರುತ್ತದೆ.

2013ರಲ್ಲಿ ನೋಡುಗರಿಂದಲೇ ದುಡ್ಡು ಕೂಡಿಸಿ ‘ಲೂಸಿಯಾ’ ಮಾಡಿದ್ದ ಪವನ್, ಇದನ್ನೂ ದೊಡ್ಡ ಸ್ಟಾರ್ ಇಲ್ಲದೆಯೇ ಮಾಡಿದರು. ರಚನಾ ಆಗಿರುವ ಶ್ರದ್ಧಾ ಶ್ರೀನಾಥ್ ಅವರಿಗೆ ಕನ್ನಡದಲ್ಲಿ ಇದು ಮೊದಲ ಸಿನಿಮಾ, ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಹೊಸ ಮುಖ ಆಗಿದ್ದರಿಂದ ಒಂದು ದೊಡ್ಡ ಲಾಭ ಆಯ್ತು. ಇವಳು ಬದುಕ್ತಾಳೋ ಇಲ್ಲವೋ ಅಂತ ನಮಗೆ ನಿಜಕ್ಕೂ ಗೊತ್ತಾಗಲ್ಲ. 2018ರಲ್ಲಿ ಪವನ್ ಅವರೇ ತೆಲುಗು, ತಮಿಳಿನಲ್ಲಿ ಸಮಂತಾ ಅವರನ್ನು ಹಾಕಿಕೊಂಡು ಮತ್ತೆ ಮಾಡಿದರು. ಸಮಂತಾ ನಟನೆಯಲ್ಲಿ ಕೊರತೆ ಇಲ್ಲ. ಆದರೆ ಅಷ್ಟು ದೊಡ್ಡ ನಟಿಗೆ ಏನೂ ಆಗಲ್ಲ ಅಂತ ಮನಸ್ಸು ಮೊದಲೇ ಹೇಳಿಬಿಡುತ್ತದೆ, ಆ ಭಯ ಅರ್ಧಕ್ಕರ್ಧ ಇಳಿದುಬಿಡುತ್ತದೆ. ಮಲಯಾಳಂ, ಹಿಂದಿಯಲ್ಲೂ ಬಂದಿದೆ. ಒಂದೇ ನೋಡುವುದಾದರೆ ಕನ್ನಡದ್ದೇ ನೋಡಿ. ಹಿನ್ನೆಲೆ ಸಂಗೀತ ಪೂರ್ಣಚಂದ್ರ ತೇಜಸ್ವಿ ಅವರದ್ದು, ಮೊಬೈಲ್ ಸ್ಪೀಕರಿನಲ್ಲಿ ನೋಡಿದರೆ ಅದೆಲ್ಲಾ ಕಳೆದುಹೋಗುತ್ತದೆ, ಹೆಡ್‌ಫೋನ್ ಹಾಕಿಕೊಳ್ಳಿ.

ಒಂದು ಎಚ್ಚರಿಕೆ. ಆತ್ಮಹತ್ಯೆಯ ದೃಶ್ಯಗಳು ಇದರಲ್ಲಿ ಜಾಸ್ತಿ ಇವೆ, ಕೆಲವು ನೇರವಾಗಿಯೇ ಇವೆ. ಮನೆಯಲ್ಲಿ ಇತ್ತೀಚೆಗೆ ಯಾರನ್ನಾದರೂ ಹಾಗೆ ಕಳೆದುಕೊಂಡಿದ್ದರೆ ಈಗಲೇ ನೋಡಬೇಡಿ, ಸಣ್ಣ ಮಕ್ಕಳ ಜೊತೆಯಂತೂ ಬೇಡ. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಮಗನೋ ಮಗಳೋ ಮನೆಯಲ್ಲಿದ್ದರೆ ಮಾತ್ರ ಜೊತೆಗೆ ಕೂರಿಸಿಕೊಂಡು ನೋಡಿ, ಮುಗಿದ ಮೇಲೆ ರಿತೇಶನ ಬಗ್ಗೆ ಅವರು ಏನು ಹೇಳುತ್ತಾರೆ ಅಂತ ಕೇಳಿ.