ಮುರಿದ ಬೋಲ್ಟ್ ತೆಗೆಯುವ ಸೆಟ್: ನಾಲ್ಕು ವರ್ಷ ಬಳಸಿದ ಮೇಲೆ

ಈ ಪೆಟ್ಟಿಗೆಯಲ್ಲಿ ಒಟ್ಟು 25 ತುಂಡುಗಳಿವೆ. ನಾಲ್ಕು ವರ್ಷದಲ್ಲಿ ನಾನು ಕೈಗೆ ತೆಗೆದುಕೊಂಡಿದ್ದು ಒಂಬತ್ತೋ ಹತ್ತೋ. ಅದರಲ್ಲಿ ಒಂದು ಮೊದಲ ತಿಂಗಳಲ್ಲೇ ನನ್ನ ಬೈಕಿನ ಎಂಜಿನ್‌ ಒಳಗೆ ಮುರಿದು ಕೂತಿತು. ಹಾಗಾಗಿ ಸ್ವಲ್ಪ ಕಹಿಯಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಆಗಿದ್ದು ಇಷ್ಟು. ಕ್ಲಚ್ ಕವರ್ ಬಿಚ್ಚುವಾಗ ಒಂದು ಎಂ6 (ಅಂದರೆ 6 ಮಿಮೀ ದಪ್ಪದ) ಬೋಲ್ಟಿನ ತಲೆ ಕಿತ್ತುಬಂತು. ಉಳಿದ ಭಾಗ ಅಲ್ಯೂಮಿನಿಯಂ ಕೇಸಿನೊಳಗೇ ಉಳಿಯಿತು. ಸೆಟ್ ಹೊಸದು, ಕೈ ಬೇರೆ ತುರಿಸುತ್ತಿತ್ತು. ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಇರುವ ಹಾಗೇ ನಡುವೆ 3 ಮಿಮೀ ತೂತು ಕೊರೆದೆ. ಸುರುಳಿ ಎಕ್ಸ್‌ಟ್ರಾಕ್ಟರ್ (ಮುರಿದ ಬೋಲ್ಟನ್ನು ಒಳಗಿಂದ ಕಚ್ಚಿ ತಿರುಗಿಸುವ ಉಕ್ಕಿನ ಕಡ್ಡಿ) ತೂರಿಸಿ ಟ್ಯಾಪ್ ಹಿಡಿಯಿಂದ ಎಡಕ್ಕೆ ತಿರುಗಿಸಿದೆ. ಕಚ್ಚಿತು. ಖುಷಿಯಾಯಿತು. ಇನ್ನೊಂದು ಚೂರು ಬಲ ಹಾಕಿದೆ. ಬಳಪ ಮುರಿದ ಹಾಗೆ 'ಟಿಕ್' ಅಂತು. ಬೋಲ್ಟ್ ಬಿಟ್ಟುಕೊಂಡಿತು ಅಂತ ಎತ್ತಿ ನೋಡಿದರೆ ಕೈಯಲ್ಲಿ ಅರ್ಧ ಎಕ್ಸ್‌ಟ್ರಾಕ್ಟರ್. ಇನ್ನರ್ಧ ಬೋಲ್ಟಿನ ಹೊಟ್ಟೆಯಲ್ಲಿ.

ಬೋಲ್ಟ್ ಮಾತ್ರ ಇದ್ದಾಗ ಅದನ್ನು ಕೊರೆಯಬಹುದಿತ್ತು. ಈಗ ಅದರ ನಡುವೆ ಕೂತ ಎಕ್ಸ್‌ಟ್ರಾಕ್ಟರ್ ತುಂಡು ಎಷ್ಟು ಗಟ್ಟಿ ಅಂದರೆ ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತಗಿನ ಅಲ್ಯೂಮಿನಿಯಂ ತಿನ್ನೋಕೆ ಹೋಗುತ್ತೆ. ಎರಡು ಸಂಜೆ ಕಾರ್ಬೈಡ್ ಬರ್ (ಗಟ್ಟಿ ಉಕ್ಕನ್ನೂ ಅರೆಯುವ ಸಣ್ಣ ಬಿಟ್) ಹಿಡಿದು ಚೂರು ಚೂರಾಗಿ ಅರೆದು ತೆಗೆದೆ. ಥ್ರೆಡ್ ಹಾಳಾಯಿತು, ಹೆಲಿಕಾಯಿಲ್ (ಹಾಳಾದ ಥ್ರೆಡ್ ಜಾಗದಲ್ಲಿ ಕೂರಿಸುವ ತಂತಿ ಸುರುಳಿ) ಹಾಕಬೇಕಾಯಿತು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯೋಕೆ ಹೋಗಿ ಅಲ್ಲೇ ಸೂಜಿ ಮುರಿದ ಹಾಗಾಯಿತು.

ಸಿಟ್ಟು ಇಳಿದ ಮೇಲೆ ಕೂತು ಯೋಚಿಸಿದೆ. ತಪ್ಪು ಈ ಒಂದು ಸೆಟ್ಟಿನದಲ್ಲ, ಆ ಉಪಾಯದ್ದೇ. ಒಂದು ಸರಳಿನ ತಿರುಚು ಬಲ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ ಇಳಿಯುತ್ತೆ. ದಪ್ಪ ಅರ್ಧವಾದರೆ ಬಲ ಎಂಟನೇ ಒಂದು ಪಾಲು. ಎಕ್ಸ್‌ಟ್ರಾಕ್ಟರ್ ಉಕ್ಕು ಎಷ್ಟೇ ಗಟ್ಟಿ ಇರಲಿ, 6 ಮಿಮೀ ಬೋಲ್ಟೇ ತಡೆಯದೆ ಮುರಿದ ಜಾಗದಲ್ಲಿ 3 ಮಿಮೀ ಕಡ್ಡಿ ಏನು ಮಾಡೀತು? ಸಾಲದ್ದಕ್ಕೆ ಅದು ಬೆಣೆಯ ಹಾಗೆ ಮೊನಚು. ತಿರುಗಿಸಿದಷ್ಟೂ ಒಳಗೆ ಇಳಿಯುತ್ತೆ, ಬೋಲ್ಟಿನ ಗೋಡೆಯನ್ನು ಹೊರಕ್ಕೆ ಒತ್ತಿ ಥ್ರೆಡ್ಡಿಗೆ ಇನ್ನೂ ಬಿಗಿ ಮಾಡುತ್ತೆ. ದೊಡ್ಡ ತೂತು ಕೊರೆದರೆ ಗೋಡೆ ತೆಳ್ಳಗಾಗಿ ಜಾಸ್ತಿ ಹಿಗ್ಗುತ್ತೆ. ಸಣ್ಣದು ಕೊರೆದರೆ ಕಡ್ಡಿ ಮುರಿಯುತ್ತೆ. ಎಂ10ರ ಮೇಲಿನ ಬೋಲ್ಟಾದರೆ ಸರಿ, ಅಲ್ಲಿ ದಪ್ಪ ಎಕ್ಸ್‌ಟ್ರಾಕ್ಟರ್ ಕೂರುತ್ತೆ, ನನಗೂ ಎರಡು ಸಲ ಕೆಲಸ ಮಾಡಿಕೊಟ್ಟಿದೆ. ಎಂ8ಕ್ಕಿಂತ ಸಣ್ಣದಕ್ಕೆ ನಾನು ಮತ್ತೆ ಮುಟ್ಟಿಲ್ಲ. ಒಂದು ವೇಳೆ ಎಕ್ಸ್‌ಟ್ರಾಕ್ಟರ್ ಬೇಕೇ ಬೇಕು ಅಂದರೆ ಮೊನಚಿಲ್ಲದ, ನೇರ ಗೀರುಗಳಿರುವ ಸರಳಿನಂಥದ್ದನ್ನು ನೋಡಿ. ಅದು ಬೋಲ್ಟನ್ನು ಅಷ್ಟು ಹಿಗ್ಗಿಸುವುದಿಲ್ಲ.

ಪೆಟ್ಟಿಗೆ ಮುಚ್ಚಿ ಮೇಲಿಟ್ಟೆ. ಒಂದು ವರ್ಷ ಹತ್ತಿರ ಹೋಗಲಿಲ್ಲ.

ಇನ್ನು ನಾಚಿಕೆಯ ವಿಷಯ. ಅದೇ ಪೆಟ್ಟಿಗೆಯಲ್ಲಿ ಐದು ಡ್ರಿಲ್ ಬಿಟ್ ಇದ್ದವು. ಶುರುವಿನಲ್ಲಿ ಒಂದನ್ನು ಮಾಮೂಲಿ ಕೆಲಸಕ್ಕೆ ಹಾಕಿ ನೋಡಿದ್ದೆ. ಕಬ್ಬಿಣದ ಪಟ್ಟಿ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೂ ಹೊಗೆ ಬಂತೇ ಹೊರತು ತೂತು ಬೀಳಲಿಲ್ಲ. 'ಹರಿತವೇ ಇಲ್ಲ, ಸುಮ್ನೆ ಲೆಕ್ಕಕ್ಕೆ ತುಂಬಿಸಿದ್ದಾರೆ' ಅಂತ ಬೈದು ಬಿಟ್ಟಿದ್ದೆ. ಆಮೇಲೆ ಒಂದು ದಿನ ಪೆಟ್ಟಿಗೆ ಒರೆಸುವಾಗ ಮಾಮೂಲಿ ಬಿಟ್ಟಿನ ಪಕ್ಕ ಇಟ್ಟು ನೋಡಿದೆ. ಸುರುಳಿ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ! ಎಡಗೈ ಬಿಟ್‌ಗಳು ಅವು. ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿದರೆ ಮಾತ್ರ ಕೊರೆಯುತ್ತವೆ. ನಾನೇ ಬೆಣ್ಣೆಗೆ ಚಾಕುವಿನ ಬೆನ್ನು ಇಟ್ಟು ಚಾಕು ಮೊಂಡು ಅಂದಿದ್ದೆ.

ಮುಂದಿನ ಸಲ ಸೈಲೆನ್ಸರ್ ಹಿಡಿದಿಡುವ ಎಂ8 ಬೋಲ್ಟ್ ಮುರಿದಾಗ ಇವನ್ನೇ ತೆಗೆದೆ. ಡ್ರಿಲ್ ಹಿಮ್ಮುಖ, ವೇಗ ಕಡಿಮೆ, ಎರಡು ಹನಿ ಎಣ್ಣೆ. ಸಿಂಬೆ ಸಿಂಬೆಯಾಗಿ ಬೆಳ್ಳಿ ಬಣ್ಣದ ಚೂರು ಏಳುತ್ತಿತ್ತು. ಸುಮಾರು ಅರ್ಧ ಸೆಂಟಿಮೀಟರ್ ಇಳಿದಿರಬೇಕು, ಬಿಟ್ ಇದ್ದಕ್ಕಿದ್ದಂತೆ ತಡವರಿಸಿತು. ಚೂರು ಏಳುವುದು ನಿಂತಿತು. ಮತ್ತೆ ಕಣ್ಣು ಬಿಟ್ಟು ನೋಡಿದರೆ ಮುರಿದ ತುಂಡೇ ಬಿಟ್ ಜೊತೆ ತಿರುಗುತ್ತಾ ಮೇಲೆ ಬರುತ್ತಿದೆ. ತುದಿಗೆ ಅಂಟಿಕೊಂಡು, ಜಾತ್ರೆಯ ತೊಟ್ಟಿಲಲ್ಲಿ ಕೂತ ಮಗುವಿನ ಹಾಗೆ. ಒಬ್ಬನೇ ಇದ್ದೆ, ಆದರೂ ಜೋರಾಗಿ ನಕ್ಕೆ.

ಗುಟ್ಟು ಇಷ್ಟೇ. ಬೋಲ್ಟನ್ನು ಬಿಗಿಯಾಗಿ ಹಿಡಿದಿಡುವುದು ಅದರ ತಲೆ ಎಳೆಯುವ ಸೆಳೆತ. ತಲೆ ಹೋದ ಮೇಲೆ ಆ ಸೆಳೆತವೂ ಹೋಯಿತು. ಉಳಿದದ್ದು ತುಕ್ಕಿನ ಹಿಡಿತ ಮಾತ್ರ. ಕೊರೆಯುವ ಬಿಸಿ, ಅದುರು, ಎಡಕ್ಕೆ ತಿರುಗುವ ಬಲ ಮೂರೂ ಸೇರಿ ಅದನ್ನು ಬಿಡಿಸುತ್ತವೆ. ಬಿಡಿಸದಿದ್ದರೂ ನಷ್ಟವಿಲ್ಲ, ಹೇಗೂ ಬೇಕಾಗಿದ್ದ ತೂತು ಬಿದ್ದಿರುತ್ತೆ, ಅಲ್ವಾ? ಬೋಲ್ಟ್ ಬಿಗಿ ಮಾಡುವಾಗ ಮುರಿದಿದ್ದರೆ ಇದು ಬಹಳ ಸಲ ಸಲೀಸು. ಬಿಚ್ಚುವಾಗ ಮುರಿದಿದ್ದರೆ ಒಳಗೆ ಕಚ್ಚಿ ಹಿಡಿದಿದೆ ಅಂತಲೇ ಅರ್ಥ, ಜಾಸ್ತಿ ಆಸೆ ಬೇಡ. ಲೆಕ್ಕ ಇಟ್ಟಿದ್ದೇನೆ: ಹನ್ನೊಂದು ಮುರಿದ ಬೋಲ್ಟಿನಲ್ಲಿ ಆರು ಬರೀ ಎಡಗೈ ಬಿಟ್ಟಿಗೇ ಬಂದವು. ಒಂದು ದೂರು ನನ್ನ ಡ್ರಿಲ್ಲಿನ ಮೇಲೆ. ಹಿಮ್ಮುಖ ತಿರುಗುವಾಗ ಬಿಟ್ ಹಿಡಿಯುವ ಅದರ ಬಾಯಿ, ಅಂದರೆ ಚಕ್, ಎರಡು ಸಲ ಸಡಿಲವಾಗಿ ಬಿಟ್ ಜಾರಿತು. ಈಗ ಮೊದಲೇ ಇನ್ನೊಂದು ಸಲ ಬಿಗಿ ಮಾಡುತ್ತೇನೆ.

ಈಗ ನನಗೆ ಇದೊಂದು ಪೂಜೆಯ ಹಾಗೆ ಆಗಿಬಿಟ್ಟಿದೆ. ಹಿಂದಿನ ರಾತ್ರಿ ಬೋಲ್ಟಿನ ಬುಡಕ್ಕೆ ಪೆನೆಟ್ರೇಟಿಂಗ್ ಆಯಿಲ್. ಊಟ ಆದ ಮೇಲೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಪ್ರತಿ ಸಲ ಸಣ್ಣ ಸುತ್ತಿಗೆಯಲ್ಲಿ ನೆತ್ತಿಗೆ ಹತ್ತು ಹದಿನೈದು ಮೆಲ್ಲನೆ ಏಟು. ಆ ಅದುರಿಗೆ ಎಣ್ಣೆ ಥ್ರೆಡ್ಡಿನ ಸಂದಿಗೆ ಇಳಿಯುತ್ತೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಸಾಕಲ್ವಾ ಅಂತ ಕೇಳಬಹುದು. ಅದು 1953ರಲ್ಲಿ ನೀರು ಹೊರಹಾಕಿ ತುಕ್ಕು ತಡೆಯೋಕೆ ಅಂತ ಹುಟ್ಟಿದ್ದು. ಹೆಸರಿನಲ್ಲಿರುವ 40 ಅಂದರೆ ನಲವತ್ತನೇ ಪ್ರಯತ್ನ. ಏನೂ ಇಲ್ಲದಿದ್ದರೆ ಅದೇ ಸರಿ, ಆದರೆ ತುಕ್ಕಿಗೆ ಇಳಿಯೋಕೆ ಅಂತಲೇ ಮಾಡಿದ ಎಣ್ಣೆ ಬೇರೆ ಸಿಗುತ್ತೆ.

ಬೆಳಿಗ್ಗೆ ಮುರಿದ ಮುಖವನ್ನು ಅರದಿಂದ ಸಮ ಮಾಡಿ ಸೆಂಟರ್ ಪಂಚ್ (ನಡುವೆ ಗುಳಿ ಗುರುತು ಹಾಕುವ ಮೊನಚು ಉಳಿ) ಇಡುತ್ತೇನೆ. ಅವಸರ ಮಾಡಿ ಕೆಡಿಸುವುದು ಇಲ್ಲೇ. ಒಂದು ಕೂದಲೆಳೆ ಪಕ್ಕಕ್ಕೆ ಬಿದ್ದರೂ ಬಿಟ್ ಓರೆಯಾಗಿ ಥ್ರೆಡ್ ಕಡೆ ಓಡುತ್ತೆ. ನಾನು ಮೊದಲು ಮೆತ್ತಗೆ ಒಂದು ಗುರುತು ಹಾಕಿ, ಟಾರ್ಚ್ ಹಿಡಿದು ನಾಲ್ಕೂ ಕಡೆಯಿಂದ ನೋಡಿ, ಪಂಚನ್ನು ಸ್ವಲ್ಪ ವಾಲಿಸಿ ಗುರುತನ್ನು ನಡುವಿಗೆ ದೂಡಿ, ಆಮೇಲೆ ಗಟ್ಟಿಯಾಗಿ ಒಂದೇ ಏಟು ಹೊಡೆಯುತ್ತೇನೆ. ಈ ಕೆಲಸಕ್ಕೆ ಹತ್ತು ನಿಮಿಷ. ಕೊರೆಯೋಕೆ ಎರಡು ನಿಮಿಷ.

ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟ್ ಕಚ್ಚಿದ್ದರೆ ಹೀಟ್ ಗನ್ ಬಹಳ ಉಪಕಾರಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಸಡಿಲವಾಗುತ್ತೆ. ಆದರೆ ಎಣ್ಣೆ ಒರೆಸಿ ಒಣಗಿಸದೆ ಬಿಸಿ ಮಾಡಬೇಡಿ, ಅದು ಹೊತ್ತಿಕೊಳ್ಳುತ್ತೆ.

ಪೆಟ್ಟಿಗೆಯ ಉಳಿದ ಸಾಮಾನಿನಲ್ಲಿ ಮೆಚ್ಚುವಂಥದ್ದು ಒಳಗೆ ಸುರುಳಿ ಹಲ್ಲಿರುವ ಸಾಕೆಟ್‌ಗಳು. ಮೂಲೆ ಸವೆದು ಗುಂಡಗಾದ ಬೋಲ್ಟ್ ತಲೆ ಮೇಲೆ ಸುತ್ತಿಗೆಯಲ್ಲಿ ಕೂರಿಸಿ ಎಡಕ್ಕೆ ತಿರುಗಿಸಿದರೆ ಹಲ್ಲು ಕಚ್ಚುತ್ತೆ. ಇವತ್ತಿನವರೆಗೆ ಒಮ್ಮೆಯೂ ಕೈ ಕೊಟ್ಟಿಲ್ಲ. ಮೊದಲಿಂದಲೇ ಹನ್ನೆರಡು ಮೂಲೆಯ ಸಾಕೆಟ್ ಬಿಟ್ಟು ಆರು ಮೂಲೆಯದನ್ನು ಹಾಕುತ್ತಿದ್ದರೆ ತಲೆ ಅಷ್ಟು ಸವೆಯುತ್ತಲೂ ಇರಲಿಲ್ಲ ಅನ್ನಿ.

ಸ್ಕ್ರೂಗಳ ವಿಷಯಕ್ಕೆ ಈ ಸೆಟ್ ದಂಡ. ಸವೆದ ತಲೆಗೆ ಅಂತ ಕೊಟ್ಟಿರುವ ಎರಡು ಬದಿಯ ಬಿಟ್‌ಗಳು ಮರದ ಸ್ಕ್ರೂಗೆ ಪರವಾಗಿಲ್ಲ. ಲೋಹಕ್ಕೆ ಹಾಕಿದರೆ ತುದಿ ಪುಡಿಯಾಗುತ್ತೆ. ನಾನು ಬೇರೆಯಾಗಿ ತೆಗೆದುಕೊಂಡ ಎರಡು ಸಾಮಾನು ಇವಕ್ಕಿಂತ ಎಷ್ಟೋ ಮೇಲು. ಒಂದು, ಸುತ್ತಿಗೆಯಲ್ಲಿ ಹೊಡೆದರೆ ಒತ್ತುತ್ತಲೇ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಇನ್ನೊಂದು, 'ಎಂಜಿನಿಯರ್' ಅನ್ನೋ ಹೆಸರಿನ ಕಂಪನಿಯ ಪಿಝಡ್-58 ಪ್ಲೈಯರ್. ಅದರ ಬಾಯಿಯ ತುದಿಯಲ್ಲಿ ಉದ್ದುದ್ದ ಗೀರುಗಳಿವೆ. ತಲೆ ಹೊರಗೆ ಸ್ವಲ್ಪ ಎದ್ದಿದ್ದರೆ ಸಾಕು, ಕಚ್ಚಿ ತಿರುಗಿಸುತ್ತೆ. ಒಳಗೆ ಹುದುಗಿದ ತಲೆಗೆ ಪ್ರಯೋಜನವಿಲ್ಲ.

ಸವೆದ 5 ಮಿಮೀ ಆಲನ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವ) ಬೋಲ್ಟಿಗೆ ನಕ್ಷತ್ರದಾಕಾರದ ಟಿ30 ಟಾರ್ಕ್ಸ್ ಬಿಟ್ ಹೊಡೆದು ಕೂರಿಸುವುದು ಹಳೆಯ ಉಪಾಯ, ಚೆನ್ನಾಗಿ ನಡೆಯುತ್ತೆ. ಹಳೆಯ ಜಪಾನಿ ಬೈಕುಗಳ ಪ್ಲಸ್ ಸ್ಕ್ರೂ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಕಂಡರೆ ಅದು ಮಾಮೂಲಿ ಪ್ಲಸ್ ಆದ ಫಿಲಿಪ್ಸ್ ಅಲ್ಲ, ಜೆಐಎಸ್, ಅಂದರೆ ಜಪಾನಿ ಮಾನಕದ್ದು. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಪೂರ್ತಿ ಕೂರದೆ ಜಾರಿ ತಲೆ ತಿಂದುಹಾಕುತ್ತೆ. ನಾನು ಹಾಳು ಮಾಡಿದ ಅರ್ಧ ಸ್ಕ್ರೂಗಳು ಹೀಗೇ ಹೋದವು. ಮೂರನೇ ಉಪಾಯ ರಬ್ಬರ್ ಬ್ಯಾಂಡ್. ಸವೆದ ತಲೆ ಮೇಲೆ ರಬ್ಬರ್ ಬ್ಯಾಂಡ್ ಇಟ್ಟು ಸ್ಕ್ರೂಡ್ರೈವರ್ ಒತ್ತಿ ಅಂತ ಎಲ್ಲರೂ ಹೇಳುತ್ತಾರೆ. ತುಕ್ಕು ಹಿಡಿದ ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ, ರಬ್ಬರ್ ಹರಿಯಿತು. ಅದರ ಬದಲು ವಾಲ್ವ್ ಅರೆಯುವ ಪೇಸ್ಟ್ ಒಂದು ಚಿಟಿಕೆ ತುದಿಗೆ ಹಚ್ಚಿ, ಹಿಡಿತ ಎಷ್ಟೋ ವಾಸಿ.

ಮೊದಲ ವರ್ಷ ಕೇಳಿದ್ದರೆ ಐದಕ್ಕೆ ಒಂದು ಅಂಕ ಕೊಡುತ್ತಿದ್ದೆ. ಈಗ ಮೂರು, ಮೂರೂ ಎಡಗೈ ಬಿಟ್ ಮತ್ತು ಸಾಕೆಟ್ಟಿಗೆ. ಕೈ ಬಿಗಿ ಇರುವವರು ಪೂರ್ತಿ ಸೆಟ್ ತೆಗೆದುಕೊಳ್ಳಬೇಡಿ. ಕೋಬಾಲ್ಟ್ ಬೆರೆತ ಎಡಗೈ ಬಿಟ್ ಮೂರು, ನಾಲ್ಕೈದು ಸುರುಳಿ ಸಾಕೆಟ್, ಒಳ್ಳೆಯ ಸೆಂಟರ್ ಪಂಚ್ ಒಂದು ಬಿಡಿಯಾಗಿ ತೆಗೆದುಕೊಳ್ಳಿ.

ಅಂದಹಾಗೆ ಪೆಟ್ಟಿಗೆಯ ಪ್ಲಾಸ್ಟಿಕ್ ಕೊಂಡಿ ಎರಡನೇ ವರ್ಷವೇ ಮುರಿಯಿತು. ಎತ್ತಿದರೆ ಎಲ್ಲಾ ನೆಲಕ್ಕೆ ಚೆಲ್ಲುತ್ತಿತ್ತು. ಈಗ ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ.