ಫೊರೆನ್ಸಿಕ್ಸ್ ಎಂಎಸ್ಸಿಗೆ ಸೇರುವ ಮುಂಚೆ ಲ್ಯಾಬ್ ಒಳಗೆ ಹೋಗಿ ನೋಡಿ

ಡಿಗ್ರಿ ಮುಗಿಸಿದ ಮಂಗಳೂರು, ಉಡುಪಿ ಕಡೆಯ ಮಕ್ಕಳು ತುಂಬಾ ಜನ ಈಗ ಸೈಬರ್ ಸೆಕ್ಯೂರಿಟಿ ಎಂಎಸ್ಸಿ ಹುಡುಕುತ್ತಿದ್ದಾರೆ. ಸೀಟಿಗೆ ದುಡ್ಡು ಕಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ.

ನಾನು ಬಿಸಿಎ ಮುಗಿಸಿ ಮಂಗಳೂರಿನ ಒಂದು ಕಾಲೇಜಿನಲ್ಲಿ ಸೈಬರ್ ಸೆಕ್ಯೂರಿಟಿ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಎಂಎಸ್ಸಿಗೆ ಸೇರಿದೆ. ಕಂಪ್ಯೂಟರ್, ಪೆನ್‌ಡ್ರೈವ್ ತರದ್ದರಿಂದ ಕೇಸಿಗೆ ಸಾಕ್ಷ್ಯ ತೆಗೆಯುವ ವಿದ್ಯೆ ಇದು. ಕಾಲೇಜಿನ ಹೆಸರು ಬೇಡ. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ಮೊದಲ ವರ್ಷದ ಫೀಸು ಕಟ್ಟಿದ್ದು. ಅಡ್ಮಿಷನ್ ದಿನ ಲ್ಯಾಬ್ ತೋರಿಸಿ ಎಂದು ಅಪ್ಪ ಕೇಳಿದರು. ಬಾಗಿಲಿನ ಗಾಜಿನಿಂದಲೇ ತೋರಿಸಿದರು. ಸಾಲಾಗಿ ಹೊಸ ಕಂಪ್ಯೂಟರ್, ಗೋಡೆ ಮೇಲೆ ದೊಡ್ಡ ಬೋರ್ಡು, ಜೋರು ಎಸಿ. ಅಪ್ಪನಿಗೆ ಖುಷಿಯಾಯಿತು. ಒಳಗೆ ಎಂತ ಇರಬೇಕು ಅಂತ ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮೂರನೇ ಸೆಮಿಸ್ಟರ್‌ನಲ್ಲಿ, ಬೆಂಗಳೂರಿಗೆ ಇಂಟರ್ನ್‌ಶಿಪ್ ಇಂಟರ್‌ವ್ಯೂಗೆ ಹೋದಾಗ. ಮೇಜಿನ ಮೇಲೆ ಒಂದು ಪೆನ್‌ಡ್ರೈವ್, ಒಂದು ಲ್ಯಾಪ್‌ಟಾಪ್, ಅಂಗೈಯಷ್ಟಗಲದ ಒಂದು ಕಪ್ಪು ಪೆಟ್ಟಿಗೆ. "ಇದರ ಇಮೇಜ್ ತೆಗೀರಿ" ಎಂದರು ಮೇಡಂ. ಇಮೇಜ್ ಎಂದರೆ ಒಳಗಿರುವುದರ ಯಥಾವತ್ತಾದ ಪೂರ್ತಿ ನಕಲು. ನಾನು ಪೆನ್‌ಡ್ರೈವನ್ನು ಸೀದಾ ಲ್ಯಾಪ್‌ಟಾಪಿಗೆ ಹಾಕಿದೆ. ಅವರು ಬೈಯಲಿಲ್ಲ. ಮೊದಲೇ ಬರೆದಿಟ್ಟಿದ್ದ ಹ್ಯಾಶ್ ತೋರಿಸಿದರು. ಹ್ಯಾಶ್ ಎಂದರೆ ಡೇಟಾದ ಬೆರಳಚ್ಚು ಇದ್ದ ಹಾಗೆ, ಒಳಗೆ ಸ್ವಲ್ಪ ಬದಲಾದರೂ ಅದು ಬೇರೆಯಾಗುತ್ತದೆ. ಈಗ ಮತ್ತೆ ಲೆಕ್ಕ ಹಾಕಿ ಎಂದರು. ಎಸ್‌ಎಚ್‌ಎ-256 ಅಲ್ವಾ, 64 ಅಂಕಿ-ಅಕ್ಷರಗಳ ಸಾಲು. ಎರಡು ಸಾಲೂ ಬೇರೆ ಬೇರೆ. ನಾನು ಒಂದು ಫೈಲನ್ನೂ ಮುಟ್ಟಿರಲಿಲ್ಲ. ಆದರೆ ವಿಂಡೋಸ್ ತಾನಾಗಿಯೇ ಪೆನ್‌ಡ್ರೈವ್ ಒಳಗೆ 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್' ಎಂಬ ಫೋಲ್ಡರ್ ಮಾಡಿಬಿಟ್ಟಿತ್ತು. "ಇದು ಕೇಸಿನ ಪೆನ್‌ಡ್ರೈವ್ ಆಗಿದ್ದರೆ ಎದುರು ಕಡೆ ವಕೀಲರು ಬಿಡ್ತಾರಾ?" ಎಂದು ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆ ಕಪ್ಪು ಪೆಟ್ಟಿಗೆಯೇ ರೈಟ್ ಬ್ಲಾಕರ್. ಡಿಸ್ಕಿನಿಂದ ಓದಲು ಬಿಡುತ್ತದೆ, ಅದರ ಮೇಲೆ ಬರೆಯಲು ಬಿಡುವುದಿಲ್ಲ. ಪರೀಕ್ಷೆಯಲ್ಲಿ ಅದರ ಬಗ್ಗೆ ಐದು ಮಾರ್ಕಿನ ಉತ್ತರ ಬರೆದು ಐದೂ ತೆಗೆದುಕೊಂಡಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

ನಮ್ಮ ಲ್ಯಾಬಿನಲ್ಲಿ ಒಂದೇ ಒಂದು ರೈಟ್ ಬ್ಲಾಕರ್ ಇರಲಿಲ್ಲ. ಫೊರೆನ್ಸಿಕ್ ಸಾಫ್ಟ್‌ವೇರ್ ಟ್ರಯಲ್ ಮೇಲೆ ಹಾಕಿದ್ದು, ಅವಧಿ ಮುಗಿದು ಯಾವುದೋ ಕಾಲ ಆಗಿತ್ತು. ರೆಕಾರ್ಡ್ ಪುಸ್ತಕಕ್ಕೆ ಸೀನಿಯರ್‌ಗಳ ಸ್ಕ್ರೀನ್‌ಶಾಟ್ ಅಂಟಿಸುತ್ತಿದ್ದೆವು. ಪಾಠ ಮಾಡುತ್ತಿದ್ದ ಸರ್ ಒಳ್ಳೆಯವರು, ಆದರೆ ಅವರದ್ದು ಪ್ರೋಗ್ರಾಮಿಂಗ್. ಒಂದು ಡಿಸ್ಕ್ ಕೂಡ ಕೇಸಿಗಾಗಿ ತೆರೆದವರಲ್ಲ. ಕಾನೂನಿನ ನೋಟ್ಸ್ ಹಳೆಯದು, ಅದರಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯದ ಸರ್ಟಿಫಿಕೇಟಿಗೆ ಇನ್ನೂ ಹಳೆ ಸಾಕ್ಷ್ಯ ಕಾಯ್ದೆಯ ಕಲಂ 65ಬಿ. ಅದರ ಬದಲಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಈಗ ಕಲಂ 63ರ ಸರ್ಟಿಫಿಕೇಟ್ ಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯಲೇಬೇಕು, ಎರಡನೇ ಭಾಗಕ್ಕೆ ತಜ್ಞರ ಸಹಿ ಬೇಕು. ನಾವು ಆಗಬೇಕಿದ್ದ ತಜ್ಞರು ಅವರೇ. ಅದನ್ನೇ ನಮಗೆ ಯಾರೂ ಹೇಳಿಕೊಡಲಿಲ್ಲ.

ಬಿಟ್ಟು ಹೋಗುತ್ತೇನೆ ಎಂದಾಗ ಇನ್ನೊಂದು ಪೆಟ್ಟು. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳೆಲ್ಲ ಆಫೀಸಿನ ಕಪಾಟಿನಲ್ಲಿ. ಪೂರ್ತಿ ಫೀಸು ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದರು. ಹಾಗೆ ಇಟ್ಟುಕೊಳ್ಳುವಂತಿಲ್ಲ ಮಾರಾಯ್ರೆ. ಯುನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ: ಒರಿಜಿನಲ್ ನೋಡಿ, ಸರಿಯಿದೆ ಎಂದಾದ ಮೇಲೆ ವಾಪಸು ಕೊಡಬೇಕು. ಆ ಸುತ್ತೋಲೆ ಪ್ರಿಂಟ್ ಮಾಡಿ ಅರ್ಜಿ ಜೊತೆ ಕೊಟ್ಟೆ, ಯುಜಿಸಿಯ ದೂರಿನ ವೆಬ್‌ಸೈಟ್ ಇ-ಸಮಾಧಾನ್‌ನಲ್ಲೂ ದೂರು ಹಾಕಿದೆ. ಕಾರ್ಡು ಸಿಕ್ಕಿತು, ಫೀಸು ಸಿಗಲಿಲ್ಲ. ಅದೇ ಸುತ್ತೋಲೆ ಪ್ರಕಾರ ಅಡ್ಮಿಷನ್ ಕೊನೆ ದಿನದ ನಂತರ 15 ದಿನದೊಳಗೆ ಬಿಟ್ಟರೆ 80 ಶೇಕಡಾ, 30 ದಿನದೊಳಗಾದರೆ ಅರ್ಧ ಫೀಸು ವಾಪಸು. ಅದು ದಾಟಿದರೆ ಏನೂ ಇಲ್ಲ. ಹಾಗಾಗಿ ಅನುಮಾನ ಬಂದರೆ ಮೊದಲ ತಿಂಗಳಲ್ಲೇ ನಿರ್ಧಾರ ಮಾಡಿ, ಒಂದು ಸೆಮಿಸ್ಟರ್ ನೋಡೋಣ ಅಂತ ಸುಮ್ನೆ ಕೂರಬೇಡಿ.

ಲ್ಯಾಬ್ ನೋಡಲು ಹೋದಾಗ ಗಾಜಿನ ಹೊರಗೆ ನಿಲ್ಲಬೇಡಿ. ನಿಮ್ಮದೇ ಒಂದು ಹಳೆ ಪೆನ್‌ಡ್ರೈವ್ ಕೊಂಡುಹೋಗಿ. ರೈಟ್ ಬ್ಲಾಕರ್ ಹಾಕಿ ಇದರ ಇಮೇಜ್ ತೆಗೆದು, ಹ್ಯಾಶ್ ತೋರಿಸಿ ಎಂದು ಕೇಳಿ. ಸಣ್ಣ ಪೆನ್‌ಡ್ರೈವ್ ಆದರೆ ತುಂಬಾ ಹೊತ್ತೇನೂ ಬೇಡ. ಮಾಡಿ ತೋರಿಸಿದರೆ ಒಳ್ಳೆಯದು. "ಅದೆಲ್ಲ ಎರಡನೇ ವರ್ಷದಲ್ಲಿ" ಎಂದರೆ ಎದ್ದು ಬನ್ನಿ. ಡಿಗ್ರಿ ಕೊಡುವ ಯುನಿವರ್ಸಿಟಿಯ ಹೆಸರನ್ನು ಯುಜಿಸಿ ಪಟ್ಟಿಯಲ್ಲಿ ನೀವೇ ಹುಡುಕಿ, ಕೌನ್ಸೆಲರ್ ತೋರಿಸಿದ ಕಾಗದ ನಂಬಬೇಡಿ. ಸಿಲಬಸ್ ಹೋಲಿಸಿ ನೋಡಲು ನ್ಯಾಷನಲ್ ಫೊರೆನ್ಸಿಕ್ ಸೈನ್ಸಸ್ ಯುನಿವರ್ಸಿಟಿಯದ್ದು ಉಂಟು, ಅದರ ಕ್ಯಾಂಪಸ್ ನಮ್ಮ ಧಾರವಾಡದಲ್ಲೇ ಇದೆ.

ನಾನೀಗ ಕಂಕನಾಡಿಯಲ್ಲಿ ಕೆಲಸ ಮಾಡುತ್ತಾ, ರಾತ್ರಿ ಮನೆಯಲ್ಲಿ ಎಫ್‌ಟಿಕೆ ಇಮೇಜರ್, ಆಟೊಪ್ಸಿ ಹಾಕಿಕೊಂಡು ಕಲಿಯುತ್ತಿದ್ದೇನೆ. ಎರಡೂ ಫೊರೆನ್ಸಿಕ್ ಸಾಫ್ಟ್‌ವೇರ್, ಎರಡೂ ಉಚಿತ. ಭಾನುವಾರ ರಜೆ, ಶನಿವಾರ ಮಧ್ಯಾಹ್ನದವರೆಗೆ ಮಾತ್ರ ಡ್ಯೂಟಿ. ಯಾರಾದರೂ ಕಾಲೇಜಿಗೆ ಲ್ಯಾಬ್ ನೋಡಲು ಹೋಗುವುದಿದ್ದರೆ ಹೇಳಿ, ಶನಿವಾರ ಮಧ್ಯಾಹ್ನದ ಮೇಲೆ ನಾನೂ ಜೊತೆಗೆ ಬರುತ್ತೇನೆ.